ಅಗೆದ ರಸ್ತೆಯನ್ನು ಮುಚ್ಚುವ ಬಗೆ

ತುಮಕೂರಿನಿಂದ ಕೊರಟಗೆರೆ, ಮಧುಗಿರಿಗಳನ್ನು ಹಾದು ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ನಿತ್ಯ ಓಡಾಡುವವರಿಗೆ ಊರು ಬಂತೆಂದು ತಿಳಿಯಲು ಕಿಟಕಿಯ ಹೊರಗೆ ನೋಡಬೇಕಾಗಿಲ್ಲ. ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೂ ಬೆನ್ನುಮೂಳೆ ಅವರಿಗೆ ಲೆಕ್ಕ ಒಪ್ಪಿಸುತ್ತಿರುತ್ತದೆ. ತೊಂಬತ್ತರ ದಶಕದ ಒಂದು ಸಂಜೆ ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಯಜಮಾನರೊಬ್ಬರು ಬಸ್ಸು ಒಮ್ಮೆ ಕುಕ್ಕಿದ ಕೂಡಲೆ ಎಚ್ಚೆತ್ತು, ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, "ಪೈಪಿನ ಗುಂಡಿ ಬಂತು, ಕಂಡಕ್ಟರಪ್ಪಾ, ಒಸಿ ಮುಂದಕ್ಕೆ ನಿಲ್ಸು" ಎಂದರು. ಆ ಊರಿಗೊಂದು ಹೆಸರಿತ್ತು. ಊರಮುಂದೆ ಹೆಸರು ಬರೆದ ಕಲ್ಲೂ ಇತ್ತು. ಆದರೂ ಅವರ ಪಾಲಿಗೆ ಅದು ಪೈಪಿನ ಗುಂಡಿಯ ಊರಾಗಿಬಿಟ್ಟಿತ್ತು. ನಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡೆ. ಆ ಗುಂಡಿಯನ್ನು ತೋಡಿಸಿದವನೂ ಮುಚ್ಚಿಸಿದವನೂ ನಾನೇ.

ಆಗ ನಾನು ರಸ್ತೆ ಕೆಲಸದ ಕಿರಿಯ ಇಂಜಿನಿಯರು. ಊರಿನ ಕೊಳವೆಬಾವಿಯಿಂದ ರಸ್ತೆಯಾಚೆಗಿನ ಕೇರಿಗೆ ಕುಡಿಯುವ ನೀರಿನ ಪೈಪು ಹೋಗಬೇಕಾಗಿತ್ತು. ಡಾಂಬರನ್ನು ಅಡ್ಡಲಾಗಿ ಕಡಿದು, ಎರಡಡಿ ಅಗಲ, ನಾಲ್ಕಡಿ ಆಳದ ಕಾಲುವೆ ತೋಡಿ, ಪೈಪನ್ನಿಟ್ಟು, ತೆಗೆದ ಮಣ್ಣನ್ನೇ ತುಂಬಿ, ಮೇಲೆ ಜಲ್ಲಿ ಹರಡಿ ರೋಲರು ಓಡಿಸಿದೆವು. ಎರಡು ದಿನದ ಕೆಲಸ. ಬೇಸಗೆ ಕಳೆಯುವವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಹಸ್ತೆಯ ಮಳೆ ಎರಡು ಸಲ ಹೊಡೆದದ್ದೇ ತಡ, ರಸ್ತೆಗೆ ಅಡ್ಡಲಾಗಿ ಗೇಣುದ್ದದ ಹಳ್ಳ ಬಿತ್ತು. ಅದೇ ವಾರ ಕತ್ತಲಾದ ಮೇಲೆ ಸೈಕಲ್ಲಿನಲ್ಲಿ ಮನೆಗೆ ಹಿಂದಿರುಗುತ್ತಿದ್ದ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಆ ಹಳ್ಳಕ್ಕೆ ಚಕ್ರ ಸಿಕ್ಕಿಸಿಕೊಂಡು ಬಿದ್ದು ಕೊರಳೆಲುಬು ಮುರಿದುಕೊಂಡರು.

ಅವರನ್ನು ನೋಡಲು ಹೋದೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಕೈಯನ್ನು ಜೋಲಿಯಲ್ಲಿ ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದವರು, ತರಗತಿಯಲ್ಲಿ ಕೇಳುವ ಹಾಗೆ ಒಂದು ಪ್ರಶ್ನೆ ಕೇಳಿದರು: "ತೆಗೆದ ಮಣ್ಣನ್ನೇ ಗುಂಡಿಗೆ ಹಾಕಿದಿರಿ. ಅದರೊಳಗೆ ಪೈಪು ಬೇರೆ ಇಟ್ಟಿರಿ. ಆಮೇಲೆ ಒಂದು ಗಾಡಿ ಮಣ್ಣು ಮಿಕ್ಕಿತ್ತು. ಅದನ್ನು ನಮ್ಮ ಶಾಲೆಯ ಅಂಗಳಕ್ಕೆ ಹಾಕಿಸಿಕೊಂಡವನು ನಾನೇ. ಹಾಗಿದ್ದ ಮೇಲೆ ಗುಂಡಿ ಮತ್ತೆ ಬಿದ್ದದ್ದು ಹೇಗೆ, ಇಂಜಿನಿಯರೆ?"

ಉತ್ತರ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಮುರಿದ ಎಲುಬಿನ ಎದುರಿಗೆ ಕುಳಿತು ಹೇಳಬೇಕಾಗಿ ಬಂದಾಗ ಆ ಉತ್ತರದ ತೂಕವೇ ಬೇರೆಯಾಯಿತು. ಅಂದು ಅವರಿಗೆ ತೊದಲಿ ಹೇಳಿದ್ದನ್ನು ಇಂದು ನಿಮ್ಮೆದುರಿಗೆ ಕೊಂಚ ಸಾವಧಾನವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮನೆ ಕಟ್ಟುವ ನಿವೇಶನವನ್ನು ಪರೀಕ್ಷಿಸುವ ಹಳೆಯ ಕ್ರಮವೊಂದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಬಹುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಅದು ಬರುತ್ತದೆ. ಒಂದು ಮೊಳದ ಗುಂಡಿ ತೋಡಿ, ಅದೇ ಮಣ್ಣನ್ನು ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಶುಭ, ಸರಿಹೋದರೆ ಮಧ್ಯಮ, ಸಾಲದೆ ಬಂದರೆ ಅಶುಭ. ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಗಟ್ಟಿಯಾಗಿ ಕೂತ ನೆಲವನ್ನು ಅಗೆದರೆ ಮಣ್ಣು ಉಬ್ಬುತ್ತದೆ. ಹೆಂಟೆಹೆಂಟೆಗಳ ನಡುವೆ ಗಾಳಿ ಸೇರಿ ಅದರ ಗಾತ್ರ ನೂರಕ್ಕೆ ಇಪ್ಪತ್ತು ಇಪ್ಪತ್ತೈದರಷ್ಟು ಹೆಚ್ಚುತ್ತದೆ. ಆದ್ದರಿಂದ ಮಣ್ಣು ಮಿಕ್ಕಿತೆಂದರೆ ಅಡಿಯ ನೆಲ ಗಟ್ಟಿ ಎಂದು ತಿಳಿಯಬಹುದು. ಮನೆಯವನಿಗೆ ಇದು ಶುಭವೇ. ರಸ್ತೆಯವನಿಗೆ ಮಾತ್ರ ಇದೇ ಅಪಶಕುನ! ಪೈಪಿನ ಗಾತ್ರವನ್ನು ಕಳೆದ ಮೇಲೂ ಗಾಡಿಗಟ್ಟಲೆ ಮಣ್ಣು ಮಿಕ್ಕಿದೆಯೆಂದರೆ ಅಷ್ಟು ಗಾತ್ರದ ಗಾಳಿಯನ್ನು ಅವನು ರಸ್ತೆಯೊಳಗೆ ಹೂತಿದ್ದಾನೆ ಎಂದು ಅರ್ಥ. ಮಳೆಯ ನೀರು ಇಳಿದು ಹೆಂಟೆಗಳನ್ನು ಕರಗಿಸಿದಾಗ ಕಣಗಳು ಆ ಸಂದುಗಳಿಗೆ ಜಾರುತ್ತವೆ. ಮೇಲಿನ ನೆಲ ಇಳಿಯುತ್ತದೆ. ನಾಲ್ಕಡಿ ಎಂದರೆ 120 ಸೆಂಟಿಮೀಟರು. ನೂರಕ್ಕೆ ಹತ್ತರಷ್ಟು ಕುಸಿದರೂ ಸಾಕು, ಮೇಲೆ 12 ಸೆಂಟಿಮೀಟರಿನ ಹಳ್ಳ. ಮೇಷ್ಟ್ರ ಶಾಲೆಯ ಅಂಗಳ ಸೇರಿದ ಆ ಒಂದು ಗಾಡಿ ಮಣ್ಣೇ ರಸ್ತೆಯಲ್ಲಿ ಗುಂಡಿಯಾಗಿ ಕಾಣಿಸಿಕೊಂಡದ್ದು.

ಮೇಲೆ ಅಷ್ಟು ಭಾರದ ರೋಲರು ಓಡಿತಲ್ಲ, ಅದೇನು ಮಾಡಿತು? ಎಂದು ಕೇಳಬಹುದು. ರೋಲರಿನ ಒತ್ತಡ ಒಂದು ಗೇಣಿನಷ್ಟು ಕೆಳಗೆ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಹಂಚಿಹೋಗುತ್ತದೆ. ನಾಲ್ಕಡಿ ಮಣ್ಣನ್ನು ಒಮ್ಮೆಲೆ ಸುರಿದು ಮೇಲೆ ರೋಲರು ಓಡಿಸುವುದು, ಬುಟ್ಟಿಯಷ್ಟು ಹತ್ತಿಯ ಮೇಲೆ ತಟ್ಟೆ ಮುಚ್ಚಿ ಗಟ್ಟಿಯಾಯಿತೆಂದು ನಂಬಿದಂತೆ. ತೆಳುವಾಗಿ, ಸುಮಾರು 15 ಸೆಂಟಿಮೀಟರಿನಂತೆ ಒಂದೊಂದೇ ಪದರವನ್ನು ಹರಡಿ, ಒಂದೊಂದನ್ನೂ ದಮ್ಮಸು ಹೊಡೆದು ಗಟ್ಟಿ ಮಾಡಿ, ಆಮೇಲೆ ಮುಂದಿನದನ್ನು ಹರಡಬೇಕು. ನಾಲ್ಕಡಿಯ ಕಾಲುವೆಗೆ ಏಳೆಂಟು ಪದರ. ಎರಡಡಿ ಅಗಲದ ಕಾಲುವೆಯೊಳಕ್ಕೆ ರೋಲರು ಇಳಿಯುವುದಿಲ್ಲ. ಕೈದಮ್ಮಸೋ, ಇಂಜಿನ್ನಿನಿಂದ ಕುಪ್ಪಳಿಸುವ ಯಂತ್ರವೋ ಬೇಕು. ಈ ಭಾಗದ ಕೆರೆಯ ಏರಿಗಳನ್ನು ಕಟ್ಟಿದ ಹಿಂದಿನವರು ಮಣ್ಣನ್ನು ತೆಳುವಾಗಿ ಹರಡಿ, ನೀರೆರಚಿ, ದನಗಳಿಂದ ತುಳಿಸುತ್ತಿದ್ದರು. ಪದರ, ನೀರು, ತುಳಿತ. ಈ ಮೂರನ್ನು ಬಿಟ್ಟು ನಾಲ್ಕನೆಯ ಗುಟ್ಟನ್ನು ಇಂದಿನ ಶಾಸ್ತ್ರವೂ ಕಂಡುಹಿಡಿದಿಲ್ಲ.

ಆ ಮೂರರಲ್ಲಿ ನಾನು ತಪ್ಪಿದ್ದು ನೀರಿನ ವಿಷಯದಲ್ಲಿ. 1933ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಪ್ರಾಕ್ಟರ್ ಎಂಬ ಇಂಜಿನಿಯರು, ಅಣೆಕಟ್ಟಿನ ಮಣ್ಣನ್ನು ಕುರಿತು ಪ್ರಯೋಗ ಮಾಡುತ್ತ ಒಂದು ಸರಳವಾದ ಸಂಗತಿಯನ್ನು ಅಳತೆಗೆ ತಂದು ಪ್ರಕಟಿಸಿದ. ಒಣಮಣ್ಣನ್ನು ಎಷ್ಟು ಬಡಿದರೂ ಅದು ಗಟ್ಟಿಯಾಗದು. ಕಣಕ್ಕೆ ಕಣ ತಿಕ್ಕಿ ನಿಲ್ಲುತ್ತದೆ. ಕೊಂಚ ಕೊಂಚವಾಗಿ ನೀರು ಬೆರೆಸುತ್ತ ಹೋದರೆ ಅದೇ ಪೆಟ್ಟಿಗೆ ಮಣ್ಣು ಹೆಚ್ಚು ಹೆಚ್ಚು ಒತ್ತಾಗಿ ಕೂರುತ್ತದೆ. ಒಂದು ಹದ ಮೀರಿದ ಮೇಲೆ ಸಂದುಗಳಲ್ಲಿ ನೀರೇ ತುಂಬಿಕೊಂಡು, ಕಣಗಳು ಹತ್ತಿರ ಬರಲಾರದೆ ಮಣ್ಣು ರಾಡಿಯಾಗುತ್ತದೆ. ಆ ಹದವನ್ನು ತಿಳಿಯಲು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಪ್ರಯೋಗಶಾಲೆ ಬೇಡ: ತಂಬಿಟ್ಟಿನ ಉಂಡೆ ಕಟ್ಟುವ ಹದವೇ ಅದು. ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಅಂಟಬಾರದು. ಕೆಳಗೆ ಬಿಟ್ಟರೆ ಪುಡಿಯಾಗದೆ ಎರಡು ಮೂರು ಹೋಳಾಗಬೇಕು. ಮಧುಗಿರಿ, ಕೊರಟಗೆರೆಗಳ ಕೆಮ್ಮಣ್ಣಿಗೆ ನೂರು ಕಿಲೋ ಒಣಮಣ್ಣಿಗೆ ಸುಮಾರು ಹತ್ತು ಹನ್ನೆರಡು ಲೀಟರು ನೀರಿನಲ್ಲಿ ಈ ಹದ ಬರುತ್ತದೆ. ಎರೆಮಣ್ಣು ಇಪ್ಪತ್ತನ್ನೂ ಮೀರಿ ಕುಡಿಯುತ್ತದೆ. ಕುಡಿದು ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಅದನ್ನು ರಸ್ತೆಯ ಕಾಲುವೆಗೆ ಮರಳಿ ತುಂಬಲೇಬಾರದು.

ಇನ್ನು ನನ್ನ ಕಾಲುವೆಯ ಲೆಕ್ಕ. ಏಳು ಮೀಟರಿನ ರಸ್ತೆ, ಅರುವತ್ತು ಸೆಂಟಿಮೀಟರು ಅಗಲ, 120 ಸೆಂಟಿಮೀಟರು ಆಳ. ಒಟ್ಟು ಸುಮಾರು ಐದು ಘನಮೀಟರು, ಎಂದರೆ ಒಂಬತ್ತು ಟನ್ನಿನಷ್ಟು ಮಣ್ಣು. ಏಪ್ರಿಲ್ಲಿನ ಬಿಸಿಲಿಗೆ ಒಣಗಿದ್ದ ಆ ಮಣ್ಣನ್ನು ಹದಕ್ಕೆ ತರಲು ಆರುನೂರು ಲೀಟರು ನೀರು ಸಾಕಾಗಿತ್ತು. ಮೂರು ಡ್ರಮ್ಮು! ಮೇಸ್ತ್ರಿಗೆ ಹೇಳಿದೆ. ಅವನು ನನ್ನನ್ನೇ ನೋಡಿದ. "ಕುಡಿಯಾಕೆ ನೀರಿಲ್ಲದೆ ಜನ ಕೊಡ ಸಾಲಿಟ್ಟವ್ರೆ, ನಾವು ಡ್ರಮ್ಮುಗಟ್ಲೆ ತಂದು ಮಣ್ಣಿಗೆ ಹುಯ್ಯಾನವಾ ಸ್ವಾಮಿ?" ಎಂದ. ಅವನು ಹೇಳಿದ್ದು ನಿಜ. ಅಂತರ್ಜಲ ಪಾತಾಳ ಸೇರಿ, ಸಿಕ್ಕ ನೀರಿನಲ್ಲೂ ಫ್ಲೋರೈಡಿನ ವಿಷ ಬೆರೆತ ಸೀಮೆಯದು. ಟ್ಯಾಂಕರಿನ ಎದುರು ಬಿಂದಿಗೆಗಳ ಸಾಲು ನನ್ನ ಕಣ್ಣೆದುರಿಗೇ ಇತ್ತು. ಆ ಬಿಂದಿಗೆಗಳ ಮುಂದೆ ಮೂರು ಡ್ರಮ್ಮು ನೀರನ್ನು ಮಣ್ಣಿಗೆ ಸುರಿಸುವ ಧೈರ್ಯ ನನಗೆ ಬರಲಿಲ್ಲ. "ಆಗಲಿ, ಒಣದನ್ನೇ ತುಂಬಿ" ಎಂದೆ. ಅದು ದಯೆಯೋ ಹೇಡಿತನವೋ ಇಂದಿಗೂ ಬಗೆಹರಿದಿಲ್ಲ.

ಆದರೆ ದಾರಿ ಇತ್ತು. ಮಣ್ಣಿಗೆ ಕುಡಿಯುವ ನೀರೇ ಆಗಬೇಕೆಂದಿಲ್ಲ. ದನ ಇಳಿಯುವ ಕುಂಟೆಯ ಬಗ್ಗಡ ನೀರೂ ನಡೆದೀತು. ಅದೂ ಇಲ್ಲವಾದರೆ ಮಣ್ಣನ್ನೇ ಬಿಟ್ಟು, ಕ್ರಷರಿನ ಕಲ್ಲುಪುಡಿಯನ್ನೋ ಒಳ್ಳೆಯ ಗರಸನ್ನೋ ತುಂಬಬಹುದಾಗಿತ್ತು. ಜೇಡಿಯ ಅಂಶವಿಲ್ಲದ ಇಂಥ ಹರಳು ಪದಾರ್ಥ ನೀರಿಗಾಗಿ ಅಷ್ಟು ಹಟ ಹಿಡಿಯುವುದಿಲ್ಲ. ಮಳೆ ಬಂದಾಗ ಕರಗುವುದೂ ಇಲ್ಲ. ಮಧುಗಿರಿಯ ಸುತ್ತ ಕಲ್ಲಿಗೆ ಬರವೆ? ಅಂದಾಜು ಪಟ್ಟಿಯಲ್ಲಿ ಅದಕ್ಕೆ ಹಣವಿರಲಿಲ್ಲ, ಅಷ್ಟೆ. ಹಣ ಕೇಳಿ ಪತ್ರ ಬರೆಯಬಹುದೆಂದು ನನಗೆ ಹೊಳೆಯಲೂ ಇಲ್ಲ.

ಮುಚ್ಚುವ ಮಾತೇ ಮೊದಲು ಬಂದುಬಿಟ್ಟಿತು. ಮುಚ್ಚುವ ಮೊದಲು ಅಗೆಯಬೇಕಷ್ಟೆ. ಅಲ್ಲಿರುವುದು ಎಲುಬಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಒಂದು ಸಣ್ಣ ಕಾರಿನ ಭಾರ. ಎದೆಯವರೆಗೆ ಮಣ್ಣಿನಲ್ಲಿ ಹೂತವನ ಮೂಗು ಬಾಯಿ ತೆರೆದಿದ್ದರೂ ಅವನು ಉಸಿರಾಡಲಾರ. ಪ್ರತಿ ಸಲ ಉಸಿರು ಬಿಟ್ಟಾಗಲೂ ಮಣ್ಣು ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಎದೆ ಮತ್ತೆ ಅರಳುವುದಿಲ್ಲ. ಅವನನ್ನು ಕೈಹಿಡಿದು ಎಳೆಯುವುದೂ, ಆತುರದಿಂದ ಯಂತ್ರ ತಂದು ಬಗೆಯುವುದೂ ಅಪಾಯ. ಗುಂಡಿಯ ಉಳಿದ ಗೋಡೆಗಳಿಗೆ ಆಸರೆ ಕೊಟ್ಟು, ಕೈಯಿಂದಲೇ ಮಣ್ಣು ತೆಗೆದು, ಮೊದಲು ಎದೆಯನ್ನು ಬಿಡಿಸಬೇಕು.

ಇಲ್ಲಿ ಈ ನಾಲ್ಕು ತಾಲ್ಲೂಕುಗಳ ನೆಲದ ಒಂದು ವಿಶೇಷವನ್ನು ಹೇಳಲೇಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳೆಯ ತಲೆಯವರಿಗೆ ತಲಪರಿಗೆ ಎಂದರೆ ವಿವರಿಸಬೇಕಾಗಿಲ್ಲ. ಹಳ್ಳದ ಮಗ್ಗುಲಲ್ಲೋ ಕೆರೆಯ ಅಂಗಳದಲ್ಲೋ ಮರಳುನೆಲವನ್ನು ಆಳುದ್ದ ಬಗೆದರೆ ಸೆಲೆಯೊಡೆದು ನೀರು ಒಸರುತ್ತಿತ್ತು. ಅದನ್ನು ಕಾಲುವೆಗೆ ಹರಿಸಿ ಬೆಳೆ ತೆಗೆಯುತ್ತಿದ್ದರು. ಈಗ ಬಹುಪಾಲು ಬತ್ತಿಹೋಗಿವೆ. ಆದರೆ ಆ ಮರಳಿನ ಪದರಗಳು ಎಲ್ಲಿಗೂ ಹೋಗಿಲ್ಲ. ಮೇಲೆ ಮೂರಡಿ ಗಟ್ಟಿ ಕೆಮ್ಮಣ್ಣು, ಕೆಳಗೆ ತೇವದ ಮರಳು; ರಸ್ತೆ ತೋಡುವವನಿಗೆ ಇದಕ್ಕಿಂತ ಮೋಸದ ನೆಲ ಇನ್ನೊಂದಿಲ್ಲ. ಮೇಲಿನ ಗಟ್ಟಿತನವನ್ನು ನಂಬಿ ಆಳಕ್ಕೆ ಇಳಿಯುತ್ತಾನೆ. ಕೆಳಗಿನ ಮರಳು ಸದ್ದಿಲ್ಲದೆ ಜಾರಿ, ಮೇಲಿನ ಕೆಮ್ಮಣ್ಣು ಚಾಚಿದ ಸೂರಿನಂತೆ ನಿಂತು, ಒಮ್ಮೆಲೆ ಮುರಿದು ಬೀಳುತ್ತದೆ.

ಕೊರಟಗೆರೆಯ ಕಡೆ, ಜಯಮಂಗಲಿಗೆ ಸಮೀಪದ ಒಂದು ರಸ್ತೆಯ ಬದಿಯಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಆಳು ಮುಳುಗುವ ಕಾಲುವೆಯಲ್ಲಿ ನಾಲ್ವರು ಅಗೆಯುತ್ತಿದ್ದರು. ತೆಗೆದ ಮಣ್ಣನ್ನೆಲ್ಲ ಅಂಚಿನಲ್ಲೇ ಗುಡ್ಡೆ ಹಾಕಿದ್ದರು. ಮಣ್ಣಿನ ಕೆಲಸದಲ್ಲೇ ಕೂದಲು ನರೆತಿದ್ದ ಮೇಸ್ತ್ರಿಯೊಬ್ಬ ಬೀಡಿ ಹಚ್ಚಲು ದಡಕ್ಕೆ ಬಂದವನು, ಕಡ್ಡಿಯನ್ನು ಗೀರದೆ ನೆಲವನ್ನೇ ನೋಡುತ್ತ ನಿಂತ. ಅಂಚಿನಿಂದ ಎರಡಡಿ ಹಿಂದಕ್ಕೆ, ಕಾಲುವೆಯ ಉದ್ದಕ್ಕೂ, ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಹೋಗಿತ್ತು. "ಏಯ್, ಹಾರೆ ಅಲ್ಲೇ ಬಿಟ್ಟು ಹತ್ರಿ ಮೇಲೆ!" ಎಂದು ಕೂಗಿದ. ನಾಲ್ವರೂ ಹತ್ತಿ ಎಲೆಯಡಿಕೆಯ ಚೀಲ ಬಿಚ್ಚುವಷ್ಟರಲ್ಲಿ ಒಂದು ಲಾರಿ ಹಾದುಹೋಯಿತು. ಆ ಬಿರುಕಿನಿಂದ ಈಚೆಯ ನೆಲವೆಲ್ಲ ಕಾಲುವೆಯೊಳಕ್ಕೆ ಮಲಗಿತು. ಹಾರೆಗಳನ್ನು ತೆಗೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಆ ಮೇಸ್ತ್ರಿಗೆ ಓದು ಬಾರದು. ನನಗೆ ಬರುತ್ತಿತ್ತು, ಆ ಬಿರುಕನ್ನು ನಾನೂ ನೋಡಿದ್ದೆ, ಓದಿರಲಿಲ್ಲ.

ಸರ್ಕಾರಿ ಕಾಮಗಾರಿಗಳ ಸುರಕ್ಷತಾ ಸಂಹಿತೆಯಲ್ಲಿ ಈ ವಿಷಯಕ್ಕೆ ಸ್ಪಷ್ಟವಾದ ಮಾತುಗಳಿವೆ. ಒಂದೂವರೆ ಮೀಟರು ಮತ್ತು ಅದಕ್ಕೆ ಮೀರಿದ ಆಳದ ಕಾಲುವೆಯ ಗೋಡೆಗಳನ್ನು ಇಳಿಜಾರಾಗಿ ಅಥವಾ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಜಾಗವಿಲ್ಲದಿದ್ದರೆ ಹಲಗೆ ಮತ್ತು ಅಡ್ಡದಿಮ್ಮಿಗಳ ಆಸರೆ ಕೊಡಬೇಕು. ಅಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರು, ಅಥವಾ ಕಾಲುವೆಯ ಆಳದ ಅರ್ಧ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕಬೇಕು. 1.2 ಮೀಟರಿಗಿಂತ ಆಳವಾದರೆ ಮೂವತ್ತು ಮೀಟರಿಗೊಂದರಂತೆ ಏಣಿ ಇರಬೇಕು. ಆ ಏಣಿ ನೆಲದ ಮಟ್ಟದಿಂದ 90 ಸೆಂಟಿಮೀಟರು ಮೇಲಕ್ಕೆ ಚಾಚಿರಬೇಕು, ಓಡಿಹೋಗುವವನ ಕೈಗೆ ಸಿಗುವಂತೆ. ಬುಡವನ್ನು ಕೊರೆದು ಮೇಲಿನದನ್ನು ಬೀಳಿಸುವ ಕ್ರಮ ಸರ್ವಥಾ ಕೂಡದು. ಹಲಗೆ ಕಟ್ಟುವುದು ದಂಡದ ಖರ್ಚೆಂದು ವಾದಿಸುವ ಗುತ್ತಿಗೆದಾರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಯಾರೂ ಕಾಲುವೆಗೆ ಇಳಿದು ವಾದಿಸಿದ್ದನ್ನು ಕಾಣೆ.

ಗೋಡೆಯಷ್ಟೇ ಅಲ್ಲ, ನೆಲದೊಳಗೆ ಹುದುಗಿದ್ದನ್ನೂ ನೋಡಿ ಅಗೆಯಬೇಕು. ನಮ್ಮ ರಸ್ತೆಗಳ ಅಡಿಯಲ್ಲಿ ಈಗ ಇನ್ನೊಂದು ಊರೇ ಇದೆ. 11 ಸಾವಿರ ವೋಲ್ಟಿನ ವಿದ್ಯುತ್ ಕೇಬಲ್ಲು ಸಾಮಾನ್ಯವಾಗಿ 90 ಸೆಂಟಿಮೀಟರಿನ ಆಳದಲ್ಲೂ ದೂರವಾಣಿಯ ಗಾಜಿನ ಎಳೆಯ ಕೇಬಲ್ಲು 165 ಸೆಂಟಿಮೀಟರಿನ ಆಳದಲ್ಲೂ ಇರಬೇಕೆಂಬುದು ಕ್ರಮ. ಇರಬೇಕು ಎಂಬುದಕ್ಕೂ ಇದೆ ಎಂಬುದಕ್ಕೂ ಎಷ್ಟು ಅಂತರವೆಂಬುದು ನಿಮಗೆ ಗೊತ್ತೇ ಇದೆ. ರಸ್ತೆಯ ಮಟ್ಟವೇ ಏರಿ ಇಳಿದು ಹಳೆಯ ಆಳದ ಲೆಕ್ಕವೆಲ್ಲ ತಪ್ಪಿರುತ್ತದೆ. ಆದ್ದರಿಂದ ಯಂತ್ರ ಬರುವ ಮೊದಲು ಅಲ್ಲಲ್ಲಿ ಕೈಯಿಂದಲೇ ಪರೀಕ್ಷೆಯ ಗುಂಡಿ ತೋಡುವುದು ಜಾಣತನ. ಕೆಮ್ಮಣ್ಣಿನ ನಡುವೆ ಇದ್ದಕ್ಕಿದ್ದಂತೆ ಹೊಳೆಯ ಮರಳೋ, ಸಾಲಾಗಿಟ್ಟ ಇಟ್ಟಿಗೆಯೋ ಕಾಣಿಸಿದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ಅದು ಯಾರೋ ತಮ್ಮ ಕೇಬಲ್ಲಿನ ಮೇಲೆ ಹೊದಿಸಿದ ಹೊದಿಕೆ. 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲು ಆ್ಯಪನ್ನು ಜಾರಿಗೆ ತಂದಿತು. ಅಗೆಯುವವರು ಮೊದಲೇ ಅದರಲ್ಲಿ ತಿಳಿಸಿದರೆ, ಅಲ್ಲಿ ನೆಲದೊಳಗೆ ಆಸ್ತಿಯುಳ್ಳವರಿಗೆ ಸುದ್ದಿ ಮುಟ್ಟುತ್ತದೆ. ಹೀಗೆ ಕೇಳದೆ ಅಗೆದು ಕೇಬಲ್ಲು ಕತ್ತರಿಸುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟವೆಂದು ಸರ್ಕಾರವೇ ಆಗ ಹೇಳಿತು.

ಮೇಲಿನ ಸಂಚಾರದ ವಿಷಯವನ್ನು ಬೇಗ ಮುಗಿಸುತ್ತೇನೆ. ಅದು ಕಣ್ಣಿಗೆ ಕಾಣುವ ವಿಷಯ. ವಾಹನದವನಿಗೆ ಮೊದಲು ದೂರದಲ್ಲೇ ಎಚ್ಚರಿಕೆ, ಆಮೇಲೆ ದಾರಿ ಕಿರಿದಾಗುವ ಸೂಚನೆ, ಆಮೇಲೆ ಕೆಲಸದ ಜಾಗ, ಕೊನೆಗೆ ಮತ್ತೆ ತನ್ನ ದಾರಿ, ಹೀಗೆ ಕ್ರಮವಾಗಿ ಕಾಣಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಇದಕ್ಕೆಂದೇ ಮಾರ್ಗದರ್ಶಿಯನ್ನು ಪ್ರಕಟಿಸಿದೆ. ನಮ್ಮ ಹಳ್ಳಿಗಾಡಿನ ರೂಢಿ ಬೇರೆ: ನಾಲ್ಕು ದಪ್ಪ ಕಲ್ಲು, ಒಂದು ಹೊಂಗೆಯ ಕೊಂಬೆ. ಹಗಲಿನಲ್ಲಿ ಕೊಂಬೆ ಕಾಣುತ್ತದೆ. ಸಂಜೆಗೆ ಅದನ್ನು ಮೇಕೆ ತಿಂದಿರುತ್ತದೆ. ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ. ಗುಂಡಿ ಮುಚ್ಚಿದ ಮೇಲೂ ಕಲ್ಲು ಅಲ್ಲೇ ಉಳಿದು, ಗುಂಡಿ ಬೀಳಿಸದವನನ್ನು ಕಲ್ಲು ಬೀಳಿಸುತ್ತದೆ. ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಪಟ್ಟಿಯ ಬೇಲಿ, ಕೆಂಪು ದೀಪ, ನಡೆದು ಹೋಗುವವರಿಗೆ ಗಟ್ಟಿಯಾದ ಹಲಗೆ, ಇಷ್ಟಕ್ಕೆ ಬೀಳುವ ಖರ್ಚು ಹೆಚ್ಚಲ್ಲ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ, ಅಂದೇ ಮುಚ್ಚಬಹುದಾದಷ್ಟನ್ನೇ ಅಂದು ತೋಡುವುದು.

ಕಾಲುವೆಯನ್ನು ಪದರ ಪದರವಾಗಿ ತುಂಬಿ ಮೇಲಕ್ಕೆ ಬಂದಾಯಿತು. ಇನ್ನು ಹೊರಮೈ. ಸ್ಕಾಟ್ಲೆಂಡಿನ ಮೆಕ್ಯಾಡಮ್ ಇನ್ನೂರು ವರ್ಷಗಳ ಹಿಂದೆಯೇ ಸಾರಿದ ತತ್ತ್ವ ಇಂದಿಗೂ ಬದಲಾಗಿಲ್ಲ: ಭಾರ ಹೊರುವುದು ಕೆಳಗಿನ ನೆಲವೇ, ಮೇಲಿನ ಜಲ್ಲಿಯ ಕೆಲಸ ಆ ನೆಲವನ್ನು ಒಣಗಿಸಿಟ್ಟುಕೊಳ್ಳುವುದು. ಕಡಿದ ಡಾಂಬರಿನ ಅಂಚು ಇಲಿ ಕಡಿದ ರೊಟ್ಟಿಯಂತಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತದೆ. ಆದ್ದರಿಂದ ಕಾಲುವೆಯ ಎರಡೂ ಬದಿಗೆ ಒಂದು ಗೇಣಿನಷ್ಟು ಹೆಚ್ಚಾಗಿ, ನೇರವಾದ ಗೆರೆಯಲ್ಲಿ ಯಂತ್ರದ ಗರಗಸದಿಂದ ಕೊಯ್ದು, ಅಲುಗಿದ ಅಂಚನ್ನು ತೆಗೆದುಹಾಕಬೇಕು. ಗರಸು ಜಲ್ಲಿಗಳ ಪದರಗಳನ್ನು ಹಳೆಯ ರಸ್ತೆಯಲ್ಲಿದ್ದ ದಪ್ಪಕ್ಕೆ ಕಡಮೆಯಿಲ್ಲದಂತೆ ಹಾಕಿ, ಕೊಯ್ದ ಅಂಚಿಗೆ ಡಾಂಬರನ್ನು ಲೇಪಿಸಿ, ಬಿಸಿ ಆರುವ ಮೊದಲೇ ಡಾಂಬರು ಜಲ್ಲಿಯನ್ನು ಹರಡಿ ಉರುಳಿಸಬೇಕು. "ಸ್ವಲ್ಪ ಉಬ್ಬಾಗಿಯೇ ಬಿಡಿ, ಬಸ್ಸು ಲಾರಿ ಓಡಾಡಿ ಕೂರುತ್ತದೆ" ಎಂಬ ಮಾತೊಂದು ನಮ್ಮವರ ಬಾಯಲ್ಲಿ ಸದಾ ಇದೆ. ಅದು ತಪ್ಪೊಪ್ಪಿಗೆಯ ಮಾತು. ಕೆಳಗೆ ಗಟ್ಟಿ ಮಾಡಿಲ್ಲವೆಂದು ಗೊತ್ತಿದ್ದವನು ಮಾತ್ರ ಕೂರುತ್ತದೆಂದು ಕಾಯುತ್ತಾನೆ.

ಗಟ್ಟಿಯಾಗಿದೆಯೆಂದು ತಿಳಿಯುವುದು ಹೇಗೆ? ಪ್ರತಿ ಪದರದಲ್ಲೂ ಅಂಗೈಯಗಲದ ಕುಳಿ ತೋಡಿ, ತೆಗೆದ ಮಣ್ಣನ್ನು ತೂಗುತ್ತಾರೆ. ಕುಳಿಗೆ ತೂಕ ತಿಳಿದ ಒಣಮರಳನ್ನು ಸುರಿದು ಅದರ ಗಾತ್ರವನ್ನು ಕಾಣುತ್ತಾರೆ. ಪ್ರಯೋಗಶಾಲೆಯಲ್ಲಿ ಆ ಮಣ್ಣು ಗರಿಷ್ಠವೆಂದರೆ ಎಷ್ಟು ಒತ್ತಾಗಿ ಕೂರುವುದೋ ಅದರಲ್ಲಿ ನೂರಕ್ಕೆ 95 ಕೆಳಗಿನ ಪದರಗಳಿಗೆ, 97 ಮೇಲಿನ ಅರ್ಧ ಮೀಟರಿಗೆ ಬರಬೇಕು. ಇದಕ್ಕೆ ಬೇಕಾದ ಸಲಕರಣೆ ಒಬ್ಬ ಮನುಷ್ಯ ಹೊರುವಷ್ಟು. ಅದೂ ಇಲ್ಲದ ಕಡೆ, ಬೆರಳು ದಪ್ಪದ ಕಬ್ಬಿಣದ ಸರಳನ್ನು ಊರಿ ನೋಡಬಹುದು. ಕೈಯ ಬಲಕ್ಕೇ ಮೊಳದುದ್ದ ಇಳಿದರೆ ಹೆಚ್ಚಿನ ಪರೀಕ್ಷೆ ಬೇಕಿಲ್ಲ.

ಅಗೆದವನೇ ಮುಚ್ಚಬೇಕೆ, ರಸ್ತೆಯ ಒಡೆಯನು ಮುಚ್ಚಬೇಕೆ ಎಂಬ ಜಗಳ ಎಲ್ಲ ದೇಶಗಳಲ್ಲೂ ಇದೆ. ಇಂಗ್ಲೆಂಡಿನಲ್ಲಿ ಹಿಂದೆ ಅಗೆದವರು ತಾತ್ಕಾಲಿಕವಾಗಿ ಮುಚ್ಚಿ ಹೋಗುತ್ತಿದ್ದರು. ಶಾಶ್ವತವಾದ ದುರಸ್ತಿ ಬಹುಮಟ್ಟಿಗೆ ರಸ್ತೆಯವರದಾಗಿತ್ತು. ಇಬ್ಬರ ನಡುವೆ ಗುಂಡಿ ಅನಾಥವಾಗಿ ಉಳಿಯುತ್ತಿತ್ತು. ಇದನ್ನು ವಿಚಾರಿಸಿದ ಹಾರ್ನ್ ಸಮಿತಿ 1985ರಲ್ಲಿ ವರದಿ ಕೊಟ್ಟಿತು. ಬಳಿಕ 1991ರ ಕಾಯಿದೆ, ಅಗೆದವನೇ ಪೂರ್ತಿಯಾಗಿ ಮುಚ್ಚಿ, ತನ್ನ ಕೆಲಸಕ್ಕೆ ತಾನೇ ಹೊಣೆಯಾಗಬೇಕೆಂದು ಗೊತ್ತುಮಾಡಿತು. ಎರಡು ವರ್ಷದ ಹೊಣೆ. ಒಂದೂವರೆ ಮೀಟರಿಗೆ ಮೀರಿದ ಆಳಕ್ಕೆ ಮೂರು ವರ್ಷ. ಮಣ್ಣಿಗೆ ಮೋಸ ಮಾಡಿದ್ದು ಹೊರಬೀಳಲು ಮಳೆಗಾಲ ದಾಟಬೇಕೆಂಬ ಅರಿವು ಆ ವರ್ಷಗಳ ಲೆಕ್ಕದಲ್ಲಿದೆ. ನಮ್ಮಲ್ಲಿ ಎರಡು ಬಗೆಯೂ ನಡೆಯುತ್ತದೆ: ಕೆಲವೆಡೆ ಅಗೆಯುವವರು ರಸ್ತೆಯವರಿಗೆ ಹಣ ಕಟ್ಟುತ್ತಾರೆ, ಕೆಲವೆಡೆ ಗುತ್ತಿಗೆದಾರನೇ ಮುಚ್ಚಿಕೊಡಬೇಕು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 198ಎ ಕಲಮಿನಂತೆ, ರಸ್ತೆಯ ನಿರ್ಮಾಣ ಮತ್ತು ನಿರ್ವಹಣೆಯ ಸುರಕ್ಷತಾ ಮಾನಕಗಳನ್ನು ಪಾಲಿಸದೆ ಸಾವೋ ಅಂಗವೈಕಲ್ಯವೋ ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಕೊರಳೆಲುಬು ಆ ಪಟ್ಟಿಯಲ್ಲಿ ಬರುತ್ತದೆಯೋ ಇಲ್ಲವೋ ವಕೀಲರೇ ಹೇಳಬೇಕು.

ಈ ಮಾತುಗಳನ್ನು ಇಂದು ಆಡಲು ಕಾರಣವಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಯೋಜನೆ, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಿಂದ ಹಳ್ಳಿ ಹಳ್ಳಿಯ ಬೀದಿಗಳನ್ನು ತೋಡಿಸಿದೆ. ತುಂಗಭದ್ರಾ ಜಲಾಶಯದ ಹಿನ್ನೀರನ್ನು ಪಾವಗಡಕ್ಕೆ ತರುವ ದೊಡ್ಡ ಯೋಜನೆಯ ಪೈಪುಗಳು ಎಷ್ಟೋ ರಸ್ತೆಗಳ ಮಗ್ಗುಲಲ್ಲಿ ಮಲಗಿವೆ. ಫ್ಲೋರೈಡಿನ ನೀರು ಕುಡಿದು ಹಲ್ಲು ಕಂದಿದ, ಮೂಳೆ ಬಾಗಿದ ಜನಕ್ಕೆ ಆ ನೀರು ಬರಲೇಬೇಕು. ಅದಕ್ಕಾಗಿ ರಸ್ತೆಯನ್ನು ಅಗೆಯಲೇಬೇಕು. ಅಗೆಯಬೇಡಿ ಎನ್ನುವುದು ಸುಲಭ, ಕುಡಿಯಲು ನೀರಿರುವವರಿಗೆ. ದೊಡ್ಡ ಹೆದ್ದಾರಿಗಳನ್ನು ದಾಟುವಲ್ಲಿ ಈಗ ಡಾಂಬರನ್ನು ಕಡಿಯದೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಅಡಿಯಲ್ಲೇ ಕೊರೆದು ಕೊಳವೆಯನ್ನು ನುಗ್ಗಿಸುತ್ತಾರೆ. ಶಿರಾದ ಮೇಲೆ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಗೆ ಅದೇ ತಕ್ಕದ್ದು. ಹಳ್ಳಿಯ ಬೀದಿಗೆ ಅಷ್ಟು ಬೆಲೆಯ ಯಂತ್ರ ಬರುವುದಿಲ್ಲ. ಅಲ್ಲಿ ಜೆಸಿಬಿ ತೋಡುತ್ತದೆ, ಅದೇ ಜೆಸಿಬಿ ಮಣ್ಣನ್ನು ಎಳೆದು ಮುಚ್ಚಿ, ಬಕೆಟ್ಟಿನಿಂದ ಎರಡು ಸಲ ತಟ್ಟಿ ಹೊರಟುಹೋಗುತ್ತದೆ. ಆ ಎರಡು ತಟ್ಟನ್ನು ಕಂಡಾಗಲೆಲ್ಲ ನನಗೆ ಮೇಷ್ಟ್ರ ನೆನಪು ಬರುತ್ತದೆ.

ಬಸ್ಸಿನಲ್ಲಿ ಆ ಯಜಮಾನರ ಮಾತು ಕೇಳಿದ ಹೊತ್ತಿಗೆ ನನ್ನ ಗುಂಡಿಗೆ ಎರಡು ಸಲ ತೇಪೆ ಬಿದ್ದಿತ್ತು. ಎರಡು ಸಲವೂ ಮೇಲೆ ಜಲ್ಲಿ ಡಾಂಬರು ಸುರಿದಿದ್ದೆವೇ ಹೊರತು ಕೆಳಕ್ಕೆ ಇಳಿದಿರಲಿಲ್ಲ. ಮರುವಾರ ಕಾಗದ ಬರೆದೆ, ಮತ್ತೆ ಬರೆದೆ. ತಿಂಗಳೆರಡು ಕಳೆದು ಒಪ್ಪಿಗೆ ಬಂತು. ಕಾಲುವೆಯನ್ನು ಪೈಪಿನವರೆಗೂ ಬಿಚ್ಚಿಸಿದೆ. ಮೇಲೆ ನಮ್ಮ ಎರಡು ತೇಪೆಗಳು ದೋಸೆಯ ಮೇಲೆ ದೋಸೆಯಂತೆ ಕೂತಿದ್ದವು. ಕೆಳಗೆ, ಪೈಪಿನ ಮಗ್ಗುಲಲ್ಲಿ, ನೀರು ತಲುಪದ ಒಂದು ಸಂದಿನಲ್ಲಿ, ತೆಂಗಿನಕಾಯಿ ಗಾತ್ರದ ಹೆಂಟೆಯೊಂದು ಸಿಕ್ಕಿತು. ಅದರ ಮೈಮೇಲೆ ಪಿಕಾಸಿಯ ಮೊನೆಯ ಗುರುತು ನಿನ್ನೆ ಹೊಡೆದಂತೆ ಹೊಸದಾಗಿತ್ತು. ಎರಡು ಮಳೆಗಾಲ ಲಾರಿ ಬಸ್ಸುಗಳು ಮೇಲೆ ಓಡಿದ್ದವು, ಅದಕ್ಕೆ ಯಾವ ಭಾರವೂ ಮುಟ್ಟಿರಲಿಲ್ಲ.

ಕಲ್ಲುಪುಡಿ ತರಿಸಿ, ಎಂಟು ಪದರಗಳಲ್ಲಿ ತುಂಬಿಸಿದೆ. ನೀರು ಕುಂಟೆಯದು. ಕೊನೆಯ ಪದರದ ಹೊತ್ತಿಗೆ ಮೇಷ್ಟ್ರು ಬಂದು ಛತ್ರಿ ಹಿಡಿದು ನಿಂತು ನೋಡಿದರು. ಮಣ್ಣು ಮಿಕ್ಕಿದೆಯೆ ಎಂದು ಕೇಳಿದರು. ಹಳೆಯ ಮಣ್ಣನ್ನೆಲ್ಲ ಹೊರಕ್ಕೆ ಹಾಕಿದ್ದರಿಂದ ಈ ಸಲ ಮೂರು ಗಾಡಿ ಮಿಕ್ಕಿತ್ತು. ಅದೂ ಅವರ ಶಾಲೆಯ ಅಂಗಳಕ್ಕೇ ಹೋಯಿತು.

ಈಚಿನ ವರ್ಷಗಳಲ್ಲಿ ಆ ರಸ್ತೆ ಅಗಲವಾಗಿ, ನುಣುಪಾಗಿ, ನನ್ನ ಕಾಲುವೆಯ ಮೇಲೆ ಹೊಸ ಡಾಂಬರು ಬಿದ್ದಿದೆ. ಹೋದ ವರ್ಷ ಮತ್ತೆ ಆ ದಾರಿಯಲ್ಲಿ ಹೋದೆ. ಬಸ್ಸು ಎಲ್ಲೂ ಕುಕ್ಕಲಿಲ್ಲ. ಕಂಡಕ್ಟರು ಇಪ್ಪತ್ತೈದರ ಹುಡುಗ, ಗುಂಡಿಯನ್ನು ಕಂಡವನಲ್ಲ. ಆದರೂ ಆ ಊರು ಬಂದಾಗ ಬಾಗಿಲಿಗೆ ಬಂದು ನಿಂತು, "ಪೈಪಿನ ಗುಂಡಿ, ಯಾರ್ರೀ ಇಳಿಯೋರು?" ಎಂದು ಕೂಗಿದ.